ವಾರಾನ್ನವೂ ವಾರದ ಲೆಕ್ಕವೂ
1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ, ಅವಕ್ಕಿಂತ ಹಳೆಯದಾದ ಚಾಮರಾಜಪೇಟೆಯಲ್ಲಿಯೂ, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆಯೆಂದು ವಾರಾನ್ನವನ್ನುಂಡು, ವಠಾರದ ಮೂಲೆಯಲ್ಲಿ ಚಾಪೆ ಹಾಸಿ ಓದಿ ಮುಂದೆ ಬಂದುದುಂಟು, ಆದರೆ ಆ ಮಿತವ್ಯಯದ ಭಾರವನ್ನು ಏಳು ಮನೆಗಳ ಗೃಹಿಣಿಯರು ಹೊರುತ್ತಿದ್ದರೆಂಬುದನ್ನು (ಅದೂ ಜಾತಿಯ ಬಲದಿಂದ ಹೊಸಿಲು ದಾಟಬಲ್ಲವರಿಗಾಗಿ ಮಾತ್ರ!) ನಾವು ಮರೆಯುತ್ತೇವೆ. ಆ ಭಾರವನ್ನು ಮುಂದೆ ಸರ್ಕಾರವೂ ತುಸು ಹೊತ್ತಿತು: 2017ರಲ್ಲಿ ಆರಂಭವಾದಾಗ ಅದರ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇತ್ತು. ಮೂರು ಹೊತ್ತೂ ಅಲ್ಲಿಯೇ ಉಂಡರೆ ವಾರಕ್ಕೆ 175. ಉದರವೇನೋ ತುಂಬೀತು. ಬಾಡಿಗೆ, ಮುಂಗಡ, ಜ್ವರದ ಔಷಧಿ, ಕೂಲಿ ತಪ್ಪಿದ ದಿನ, ಇವಕ್ಕೆ ಹತ್ತು ರೂಪಾಯಿಯ ಕೌಂಟರಿಲ್ಲ. ಗಾಂಧಿಬಜಾರಿನಲ್ಲಿ ಹೂ ಮಾರುವಾಕೆಯ ಮೊಳ ಬಾಡಿಗೆಯ ತಾರೀಖು ಸಮೀಪಿಸಿದಂತೆ ತುಸು ಗಿಡ್ಡವಾದರೆ, ನಾನಂತೂ ಏಕೆಂದು ಕೇಳಲಾರೆ.