ಪ್ರಯಾಣದಲ್ಲಿ ಉಳಿದುಹೋದ ಲ್ಯಾಪ್‌ಟಾಪ್: ಹಿಂಪಡೆಯುವ ಬಗೆ

ಯುಗಾದಿಗೂ ಬೇಸಿಗೆಯ ರಜೆಗೂ ಊರಿಗೆ ಬರುವ ನಮ್ಮ ಮಕ್ಕಳ ಹೆಗಲ ಮೇಲೆ ಈಗ ಬಟ್ಟೆಯ ಚೀಲಕ್ಕಿಂತ ಮೊದಲು ಕಾಣುವುದು ಲ್ಯಾಪ್‌ಟಾಪಿನ ಚೀಲ. ಬಳ್ಳಾರಿ ತಾಲ್ಲೂಕಿನ ಮೋಕದಂತಹ ಹಗರಿ ದಂಡೆಯ ಊರುಗಳಲ್ಲಿಯೂ ಇದು ಸಾಮಾನ್ಯ ದೃಶ್ಯವಾಗಿದೆ. ಹತ್ತಿ, ಮೆಣಸಿನಕಾಯಿ ಮಾರಿದ ಹಣದಿಂದಲೋ ತಿಂಗಳ ಕಂತಿನ ಮೇಲೋ ಕೊಂಡ ಆ ಯಂತ್ರದ ಬೆಲೆ ಒಂದು ತೂಕವಾದರೆ, ಅದರೊಳಗಿರುವ ವರ್ಷಗಳ ಓದು, ಬರೆದ ಪ್ರಬಂಧ, ಅರ್ಜಿಗೆ ಬೇಕಾದ ಪತ್ರಗಳು ಇನ್ನೊಂದು ತೂಕ. ಇಂತಹ ಚೀಲ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಉಳಿದುಬಿಟ್ಟಿತೆಂದರೆ ಮನೆಮಂದಿಗೆಲ್ಲ ಅನ್ನ ಸೇರದು.

ಯಂತ್ರವೇ ತಾನಿರುವ ಸ್ಥಳವನ್ನು ತಿಳಿಸುವ ಏರ್ಪಾಡು ಉಂಟು. ಆದರೆ ಅದನ್ನು ಮೊದಲೇ ಚಾಲನೆಗೊಳಿಸಿರಬೇಕು. ಕಳೆದ ಮೇಲೆ ದೂರದಿಂದ ಚಾಲನೆಗೊಳಿಸಲಾಗದು. ಮೊಬೈಲ್ ಫೋನುಗಳಿಗಾಗಿ ಕೇಂದ್ರ ಸರಕಾರವು 2023ರಲ್ಲಿ ದೇಶಾದ್ಯಂತ ತೆರೆದ 'ಸಂಚಾರ ಸಾಥಿ'ಯ ಸೌಲಭ್ಯವೂ ಇಲ್ಲಿ ಒದಗದು. ಅದು ಐಎಂಇಐ ಎಂಬ ಸಂಖ್ಯೆಯನ್ನು ಅವಲಂಬಿಸಿದ್ದು, ಸಾಮಾನ್ಯ ಲ್ಯಾಪ್‌ಟಾಪುಗಳಿಗೆ ಆ ಸಂಖ್ಯೆ ಇರುವುದಿಲ್ಲ. 'ಹಣ ಕೊಟ್ಟರೆ ಅಂತರಜಾಲದಲ್ಲಿ ಹುಡುಕಿಕೊಡುತ್ತೇವೆ' ಎಂದು ಯಾರಾದರೂ ಮುಂದೆ ಬಂದರೆ ಅವರನ್ನು ದೂರವಿಡುವುದೇ ಕ್ಷೇಮ. ಮೋಸಹೋಗಿ ಹಣ ತೆತ್ತವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಾಗಾದರೆ ಕೈಚೆಲ್ಲಿ ಕೂರಬೇಕೆ? ಬೇಕಿಲ್ಲ. ಯಂತ್ರಕ್ಕೆ ಜಾಡಿಲ್ಲದಿದ್ದರೂ ಅದನ್ನು ಹೊತ್ತೊಯ್ದ ವಾಹನಕ್ಕೆ ಜಾಡು ಇದ್ದೇ ಇರುತ್ತದೆ. ಬಸ್ಸಿಗೆ ಒಂದು ಘಟಕ, ಒಬ್ಬ ನಿರ್ವಾಹಕ, ಒಂದು ವೇಳಾಪಟ್ಟಿ ಉಂಟು. ರೈಲಿಗೆ ಮುಂದಿನ ನಿಲ್ದಾಣವುಂಟು. ಆ ಜಾಡನ್ನು ಹಿಡಿಯಲು ಬೇಕಾದುದು ಪ್ರಯಾಣದ ಚೀಟಿ ಮತ್ತು ಮೊದಲ ಕೆಲವು ಗಂಟೆಗಳು.

ಮೊದಲು ಬಸ್ಸಿನ ವಿಚಾರ. ನಿರ್ವಾಹಕರ ಯಂತ್ರ ಮುದ್ರಿಸಿಕೊಡುವ ಚೀಟಿಯನ್ನು ಇಳಿದೊಡನೆ ಬಿಸಾಡುವುದು ನಮ್ಮಲ್ಲಿ ರೂಢಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ದೊರೆಯುತ್ತಿರುವ ಶೂನ್ಯ ದರದ ಚೀಟಿಯನ್ನಂತೂ ಎಷ್ಟೋ ತಾಯಂದಿರು ಹಣವಿಲ್ಲದ ಕಾಗದವೆಂದು ಲೆಕ್ಕಕ್ಕೇ ಇಡುವುದಿಲ್ಲ. ಹಣವಿಲ್ಲದಿದ್ದರೂ ಅದರಲ್ಲಿ ವಿವರವಿದೆ. ಯಾವ ಬಸ್ಸು, ಯಾವ ಹೊತ್ತು ಎಂಬುದನ್ನು ಹೇಳುವ ಸಾಕ್ಷಿ ಅದೇ. ಮನೆ ಮುಟ್ಟಿ ಸಾಮಾನು ಎಣಿಸುವವರೆಗೆ ಅದು ಸೆರಗಿನಲ್ಲಿಯೋ ಜೇಬಿನಲ್ಲಿಯೋ ಇರಲಿ. ಚೀಲ ಉಳಿದದ್ದು ಗೊತ್ತಾದೊಡನೆ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕಂಡು ಚೀಟಿಯನ್ನು ತೋರಿಸಬೇಕು. ಬಸ್ಸು ಇನ್ನೂ ದಾರಿಯಲ್ಲಿದ್ದರೆ ನಿರ್ವಾಹಕರಿಗೆ ಫೋನು ಹೋಗುತ್ತದೆ. ಸರದಿ ಮುಗಿದಿದ್ದರೆ ಘಟಕದಲ್ಲಿ ವಿಚಾರಿಸಬೇಕು.

ಮೋಕದವರು ನೆನಪಿಡಬೇಕಾದ ವಿಶೇಷವೊಂದಿದೆ. ಇದು ಗಡಿಸೀಮೆ. ಬಳ್ಳಾರಿಯಿಂದ ಆದೋನಿಯ ಕಡೆಗೆ ನಮ್ಮ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಂತೆಯೇ ಆಂಧ್ರದ ಬಸ್ಸುಗಳೂ ಓಡಾಡುತ್ತವೆ. ಇಳಿದ ಬಸ್ಸು ಯಾವ ರಾಜ್ಯದ್ದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಬಳ್ಳಾರಿಯ ಘಟಕಗಳನ್ನೇ ಸುತ್ತುತ್ತಿದ್ದರೆ ಚೀಲವು ಅತ್ತ ಆಂಧ್ರದ ಘಟಕವೊಂದರ ಕಪಾಟಿನಲ್ಲಿ ಕುಳಿತಿರಬಹುದು.

ರೈಲಿನಲ್ಲಿ ಬಿಟ್ಟವರಿಗೆ ಸಮಯ ಹೆಚ್ಚು ಒದಗುತ್ತದೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನಿಂದ ರಾತ್ರಿ ಹೊರಟ ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ದಾಟಿ ಬೆಳಗ್ಗೆ ಬಳ್ಳಾರಿಗೆ ಬರುತ್ತದೆ. ಅಲ್ಲಿಂದ ಹೊಸಪೇಟೆ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ. ನಿದ್ದೆಗಣ್ಣಿನಲ್ಲಿ ಬಳ್ಳಾರಿಯಲ್ಲಿ ಇಳಿದವರು ಅದೇ ಗಳಿಗೆಯಲ್ಲಿ 139ಕ್ಕೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಸೀಟು, ಚೀಲದ ಬಣ್ಣ ಇಷ್ಟನ್ನು ಹೇಳಿದರೆ ಮುಂದಿನ ನಿಲ್ದಾಣದಲ್ಲಿಯೇ ರೈಲ್ವೆ ರಕ್ಷಣಾ ದಳದವರು ಬೋಗಿಯನ್ನು ಹತ್ತಿ ನೋಡಲು ಅವಕಾಶವಾಗುತ್ತದೆ. ಹೀಗೆ ದೊರೆತ ಸಾಮಾನನ್ನು ಒಡೆಯರಿಗೆ ಮುಟ್ಟಿಸುವ ಕೆಲಸಕ್ಕೆ ದಳದಲ್ಲಿ 'ಆಪರೇಷನ್ ಅಮಾನತ್' ಎಂದು ಹೆಸರು. ಇದು ಸೇವೆಯೇ ಹೊರತು ಪರಿಹಾರದ ಭರವಸೆಯಲ್ಲ. 1989ರ ರೈಲ್ವೆ ಅಧಿನಿಯಮದ ಪ್ರಕಾರ, ಪ್ರಯಾಣಿಕರು ತಾವೇ ಒಯ್ಯುವ ಸಾಮಾನಿಗೆ, ಸಿಬ್ಬಂದಿಯ ಅಲಕ್ಷ್ಯವೋ ದುರ್ನಡತೆಯೋ ಸಿದ್ಧವಾದ ಹೊರತು, ರೈಲ್ವೆ ಹೊಣೆಯಲ್ಲ.

ಆಟೋದಲ್ಲಿ ಬಿಟ್ಟದ್ದಾದರೆ ಹತ್ತಿದ ನಿಲ್ದಾಣಕ್ಕೇ ಮರಳಿ ಹೋಗಬೇಕು. ಅಲ್ಲಿಯ ಚಾಲಕರಿಗೆ ಪರಸ್ಪರ ಗುರುತಿರುತ್ತದೆ.

ಇಷ್ಟರಲ್ಲಿ ದೊರೆಯದಿದ್ದರೆ ಪೊಲೀಸ್ ಠಾಣೆಯಲ್ಲಿ ವಸ್ತು ಕಳೆದ ಬಗ್ಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದು ಅವಶ್ಯ. ಮರೆತು ಬಂದದ್ದನ್ನು ಕಳವಾಯಿತೆಂದು ಬರೆಸಬಾರದು. ಕಳವಾದದ್ದು ನಿಜವಿದ್ದರೆ ಯಾವ ಠಾಣೆಯಲ್ಲಿಯಾದರೂ ದೂರು ದಾಖಲಿಸಲು ಈಗ ಕಾನೂನಿನಲ್ಲಿ ಎಡೆಯಿದೆ. ಅರ್ಜಿಯಲ್ಲಿ ಯಂತ್ರದ ಕ್ರಮಸಂಖ್ಯೆ ಇರಲೇಬೇಕು. ಯಂತ್ರದ ಬೆನ್ನಿನ ಮೇಲೆ ಇರುವ ಆ ಸಂಖ್ಯೆ ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೂ, ಬಹುಮಟ್ಟಿಗೆ ಅಂಗಡಿಯ ರಸೀದಿಯಲ್ಲೂ ಇರುತ್ತದೆ. ಪೆಟ್ಟಿಗೆಯನ್ನು ಅಟ್ಟದಿಂದ ತೆಗೆದು ರದ್ದಿಗೆ ಹಾಕುವ ಗೃಹಿಣಿಯರು ಆ ಚೀಟಿಯಿರುವ ಭಾಗವನ್ನಾದರೂ ಕತ್ತರಿಸಿ ಇಟ್ಟುಕೊಳ್ಳಲಿ!

ಹುಡುಕಾಟ ನಡೆದಿರುವಾಗಲೇ ಮನೆಯಲ್ಲಿ ಮತ್ತೊಬ್ಬರು ಮಾಡಬೇಕಾದ ಕೆಲಸವಿದೆ. ಬೇರೊಂದು ಫೋನಿನಿಂದ ಮೊದಲು ಇ-ಮೇಲಿನ, ಬಳಿಕ ಬ್ಯಾಂಕಿನ ಗುಪ್ತಪದವನ್ನು ಬದಲಿಸಿ, ಎಲ್ಲ ಸಾಧನಗಳಿಂದ ಖಾತೆಯನ್ನು ಹೊರಬರಿಸಬೇಕು. ಇ-ಮೇಲನ್ನು ಮೊದಲು ಎಂದದ್ದಕ್ಕೆ ಕಾರಣವಿದೆ: ಉಳಿದ ಅನೇಕ ಖಾತೆಗಳ ಗುಪ್ತಪದವನ್ನು ಬದಲಿಸುವ ಪತ್ರ ಬಂದು ಸೇರುವುದು ಅಲ್ಲಿಗೇ.

ಚೀಲ ಸಿಕ್ಕವರ ವಿಷಯವಾಗಿಯೂ ಒಂದು ಮಾತು ಅಗತ್ಯ. ಸಿಕ್ಕ ವಸ್ತು ಸಿಕ್ಕವನದೇ ಎಂಬ ಹಳ್ಳಿಯ ಮಾತಿಗೆ ಕಾನೂನಿನ ಒಪ್ಪಿಗೆಯಿಲ್ಲ. 1872ರ ಭಾರತೀಯ ಕರಾರು ಅಧಿನಿಯಮವು ಪರರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನನ್ನು ಅದರ ಕಾಪುದಾರನನ್ನಾಗಿಯೇ ಕಾಣುತ್ತದೆ. ಒಡೆಯನನ್ನು ಹುಡುಕುವ ಯೋಗ್ಯ ಪ್ರಯತ್ನ ಮಾಡದೆ ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಂತೆ ಅದು ಅಪರಾಧ. ಅದೇ ಕರಾರು ಅಧಿನಿಯಮ ಒಡೆಯನನ್ನೂ ಬಿಟ್ಟಿಲ್ಲ: ಇಷ್ಟು ಬಹುಮಾನ ಕೊಡುತ್ತೇನೆಂದು ಸಾರಿದವನು ಕೊಡದಿದ್ದರೆ, ಕೊಡುವವರೆಗೆ ವಸ್ತುವನ್ನು ಇಟ್ಟುಕೊಳ್ಳಲು ಸಿಕ್ಕವನಿಗೆ ಹಕ್ಕಿದೆ. ಆದುದರಿಂದ ಸಂಕಟದಲ್ಲಿ ದೊಡ್ಡ ಮೊತ್ತವನ್ನು ಆಡಿಬಿಡುವುದು ಬೇಡ.

ವಸ್ತುವನ್ನು ಬಿಡಿಸಿಕೊಳ್ಳುವಾಗ ಗುರುತಿನ ಚೀಟಿ, ರಸೀದಿ ಜೊತೆಗಿರಲಿ. ರಸೀದಿ ಇಲ್ಲದವರು ಅಧಿಕಾರಿಗಳ ಎದುರಿಗೇ ಯಂತ್ರವನ್ನು ತೆರೆದು ತಮ್ಮ ಗುಪ್ತಪದದಿಂದ ಒಳಹೊಕ್ಕು ತೋರಿಸಬಹುದು. ಒಡೆತನಕ್ಕೆ ಅದಕ್ಕಿಂತ ಒಳ್ಳೆಯ ರುಜುವಾತು ನಮಗಂತೂ ತೋರುತ್ತಿಲ್ಲ.

ಸ್ಥಳ ತಿಳಿಸುವ ಏರ್ಪಾಡನ್ನು ಈ ರಜೆಯಲ್ಲಿಯೇ ಮಕ್ಕಳಿಂದ ಚಾಲನೆ ಮಾಡಿಸಿ. ಅದರೊಡನೆ ಯಂತ್ರದ ಬೆನ್ನಿಗೂ ಚೀಲದ ಒಳಗೂ ಹೆಸರು, ಊರು, ಫೋನ್ ಸಂಖ್ಯೆ ಬರೆದ ಚೀಟಿಯೊಂದನ್ನು ಅಂಟಿಸಿ. ಸಂಖ್ಯೆ ಪ್ರಯಾಣಿಕರದಲ್ಲ, ಮನೆಯಲ್ಲಿರುವ ಹಿರಿಯರದಾಗಿರಲಿ. ಪ್ರಯಾಣಿಕರ ಫೋನೂ ಅದೇ ಚೀಲದಲ್ಲಿ ಉಳಿದಿರಬಹುದಷ್ಟೆ. ಕನ್ನಡದ ಕೆಳಗೆ ತೆಲುಗಿನಲ್ಲಿಯೂ ಎರಡು ಸಾಲು ಬರೆದಿರಲಿ. ಆದೋನಿಯಲ್ಲಿಯೋ ಗುಂತಕಲ್ಲಿನಲ್ಲಿಯೋ ಆ ಚೀಲವನ್ನು ತೆರೆದು ನೋಡುವವರು ಓದಬಲ್ಲದ್ದು ಅದನ್ನೇ.