ಯಂತ್ರಮಾನವ ರೊಟ್ಟಿ ತಟ್ಟಬಲ್ಲನೆ?

ಕೆಲಸದಾಕೆ ಎರಡು ದಿನ ಬರಲಿಲ್ಲವೆಂದರೆ ಸಾಕು, ಬಚ್ಚಲಲ್ಲಿ ಮುಸುರೆ ಪಾತ್ರೆಯ ರಾಶಿ, ಮಂಚದ ಮೇಲೆ ಮಡಿಸದ ಬಟ್ಟೆಯ ಗುಡ್ಡೆ. “ಒಂದು ರೋಬೋ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!” ಎಂದು ಆಗ ಯಾರಿಗನ್ನಿಸುವುದಿಲ್ಲ ಹೇಳಿ? ಮಕ್ಕಳು ಮೊಬೈಲಿನಲ್ಲಿ ಪಲ್ಟಿ ಹೊಡೆಯುವ ಯಂತ್ರಮಾನವನನ್ನು ತೋರಿಸಿದಾಗಲಂತೂ ಆಸೆ ಇನ್ನೂ ಹೆಚ್ಚುತ್ತದೆ. ಆದರೆ ಪಲ್ಟಿ ಹೊಡೆಯುವವನಿಗೆ ಪಾತ್ರೆ ತಿಕ್ಕಲು ಬರುತ್ತದೆಯೆ?

‘ರೋಬೋಟ್’ ಎಂಬ ಹೆಸರು ಹುಟ್ಟಿದ್ದೇ ಚಾಕರಿಯಿಂದ. 1920ರಲ್ಲಿ ಜೆಕ್ ಲೇಖಕ ಕಾರೆಲ್ ಚಾಪೆಕ್ ತನ್ನ ನಾಟಕವೊಂದರಲ್ಲಿ ಈ ಪದ ಬಳಸಿದ. ಅವರ ಭಾಷೆಯಲ್ಲಿ ‘ರೊಬೊಟ’ ಎಂದರೆ ಬಿಟ್ಟಿ ಚಾಕರಿ!

1973ರಲ್ಲಿ ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದವರು ‘ವಾಬಾಟ್-1’ ಎಂಬ ಯಂತ್ರಮಾನವನನ್ನು ತಯಾರಿಸಿದರು. ಅವನು ಮೆಲ್ಲಗೆ ಹೆಜ್ಜೆಯಿಡುತ್ತಿದ್ದ, ವಸ್ತುಗಳನ್ನು ಹಿಡಿಯುತ್ತಿದ್ದ. 2000ದಲ್ಲಿ ಬಂದ ಹೋಂಡಾ ಕಂಪನಿಯ ‘ಅಸಿಮೋ’ ಮೆಟ್ಟಿಲು ಹತ್ತಿದ, ಆಮೇಲೆ ಓಡಲೂ ಕಲಿತ. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ 21 ಕಿಲೋಮೀಟರ್ ಓಟದ ಪಂದ್ಯವೇ ನಡೆಯಿತು. ಗೆದ್ದ ಯಂತ್ರಮಾನವ 2 ಗಂಟೆ 40 ನಿಮಿಷದಲ್ಲಿ ಮುಗಿಸಿದ. ಆದರೆ ನಡುವೆ ಮೂರು ಸಲ ಬ್ಯಾಟರಿ ಬದಲಿಸಬೇಕಾಯಿತು. ಹೊರಟವರು 21, ಗುರಿ ಮುಟ್ಟಿದವರು ಆರೇ ಮಂದಿ!

ನಮ್ಮ ಬೆಂಗಳೂರಿನಲ್ಲೂ 2020ರಲ್ಲಿ ಇಸ್ರೋದವರು ‘ವ್ಯೋಮಮಿತ್ರ’ಳನ್ನು ತೋರಿಸಿದರು. ಗಗನಯಾನದ ಪರೀಕ್ಷೆಗಾಗಿ ತಯಾರಾದ ಈಕೆಗೆ ಕಾಲಿಲ್ಲ. ಕುಳಿತಲ್ಲೇ ಮಾತನಾಡುತ್ತಾಳೆ, ಸ್ವಿಚ್ಚು ಒತ್ತುತ್ತಾಳೆ. ಅಲ್ಲಿ ಸ್ವಿಚ್ಚುಗಳು ಇಟ್ಟಲ್ಲೇ ಇರುತ್ತವೆ. ನಮ್ಮ ಮನೆಯಲ್ಲೋ, ಬೆಳಿಗ್ಗೆ ಡಬ್ಬಿಯಲ್ಲಿದ್ದ ಚಮಚ ಮಧ್ಯಾಹ್ನ ಮಗುವಿನ ಆಟದ ಸಾಮಾನಿನ ಜೊತೆ!

ಯಂತ್ರಮಾನವ ಸೋಲುವುದು ಇಲ್ಲೇ. ಕಾರ್ಖಾನೆಯ ಕಬ್ಬಿಣದ ತುಂಡಿಗೆ ಒಂದೇ ಆಕಾರ. ಒದ್ದೆ ಸೀರೆಗೆ ಎತ್ತಿದಾಗಲೆಲ್ಲ ಹೊಸ ಆಕಾರ. ಹಿಟ್ಟಿಗೆ ನೀರು ಸಾಕೋ ಬೇಕೋ ಎಂಬುದನ್ನು ನಮ್ಮ ಬೆರಳು ಹೇಳುತ್ತದೆ. ಅಂಥ ಸ್ಪರ್ಶಜ್ಞಾನವನ್ನು ಯಂತ್ರದ ಕೈಗೆ ಕೊಡುವುದು ಇಂದಿಗೂ ಕಷ್ಟ. ದೊಡ್ಡವರ ಚೆಕರ್ಸ್ ಆಟವನ್ನು ಯಂತ್ರಕ್ಕೆ ಕಲಿಸುವುದು ಸುಲಭ, ವರ್ಷದ ಕೂಸಿನ ಕೈಕಾಲಿನ ಚಳಕ ಕಲಿಸುವುದು ಕಷ್ಟ ಎಂದು ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು.

ಹಾಗಾದರೆ ಮನೆಗೆ ಬರುವ ಯಂತ್ರಮಾನವ ಇಲ್ಲವೇ ಇಲ್ಲವೆ? 2025ರ ಅಕ್ಟೋಬರ್‌ನಲ್ಲಿ ‘ನಿಯೋ’ ಎಂಬುವನಿಗೆ ಮುಂಗಡ ಬುಕಿಂಗ್ ಶುರುವಾಯಿತು. ಬೆಲೆ 20,000 ಡಾಲರ್, ಅಂದರೆ ಹದಿನೇಳು ಲಕ್ಷ ರೂಪಾಯಿಗೂ ಮೇಲೆ. ಅವನಿಗೆ ಬಾರದ ಕೆಲಸವನ್ನು ಕಂಪನಿಯವರೊಬ್ಬರು ಎಲ್ಲೋ ಕುಳಿತು, ಅವನ ಕ್ಯಾಮೆರಾ ಕಣ್ಣಿನಿಂದಲೇ ನೋಡುತ್ತ ಮಾಡಿಸುವ ಏರ್ಪಾಟು. ಮನೆಯವರು ಒಪ್ಪಿದರೆ ಮಾತ್ರ, ಸರಿ. ಆದರೂ ನಮ್ಮ ಅಡುಗೆಮನೆಯಲ್ಲಿ ಅಪರಿಚಿತರ ಕಣ್ಣು! ಇಂಥದ್ದು ಮುಂದೆ ನಮ್ಮೂರಿಗೂ ಬಂದರೆ, ಬೆಲೆ ಕೇಳುವ ಮೊದಲು “ಇದರ ಕಣ್ಣಿನ ಹಿಂದೆ ಯಾರಿದ್ದಾರೆ?” ಎಂದು ಕೇಳುವುದು ಜಾಣತನ.

ಇನ್ನೊಂದು ಮಾತು. “ಅವಳೇನು, ಮನೇಲೇ ಇರ್ತಾಳೆ” ಎಂದು ನಮ್ಮ ಕೆಲಸವನ್ನು ಹಗುರ ಮಾಡುವವರಿಗೆ ಕೊರತೆಯಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳು ಐವತ್ತು ವರ್ಷ ಹೆಣಗಿದರೂ ಯಂತ್ರಕ್ಕೆ ಪೂರ್ತಿ ಕಲಿಸಲಾಗದ ಕೆಲಸ ಅದು ಎಂದು ಅವರಿಗೆ ಧೈರ್ಯವಾಗಿ ಹೇಳಿ. ಯಂತ್ರಮಾನವ ಬರುವುದು ಬರಲಿ. ಅಲ್ಲಿಯವರೆಗೆ ಬಟ್ಟೆ ಮಡಿಸುವುದನ್ನು ಮನೆಯಲ್ಲಿರುವ ಮಾನವರಿಗೇ ಕಲಿಸೋಣ. ಅವರಿಗೆ ಬ್ಯಾಟರಿಯೂ ಬೇಡ, ಒಂದು ಲೋಟ ಕಾಫಿ ಸಾಕು!