30 ಲೀಟರ್, 100 ಕಿಲೋ, 2,500 ಲೀಟರ್: ಪರವಾನಗಿ ಬೇಡದ ಇಂಧನದ ಲೆಕ್ಕ

ನಗರದ ಕಟ್ಟಡವೊಂದರಲ್ಲಿ ಪರವಾನಗಿ ಇಲ್ಲದೆ ಎಷ್ಟು ಇಂಧನ ಇಡಬಹುದು? ಉತ್ತರ ಇಂಧನದ ವರ್ಗವನ್ನು ಅವಲಂಬಿಸಿದೆ. 1934ರ ಪೆಟ್ರೋಲಿಯಂ ಕಾಯ್ದೆ ಫ್ಲ್ಯಾಶ್ ಪಾಯಿಂಟ್ ಆಧಾರದಲ್ಲಿ ವಿಂಗಡಿಸುತ್ತದೆ. ದ್ರವದ ಆವಿ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ ಅದು. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ‘ಎ’ ವರ್ಗ, 23ರಿಂದ 65ರೊಳಗೆ ‘ಬಿ’ ವರ್ಗ. ಪೆಟ್ರೋಲ್ ಮೊದಲನೆಯದು, ಡೀಸೆಲ್ ಎರಡನೆಯದು.

ಪೆಟ್ರೋಲಿನ ಮಿತಿ 30 ಲೀಟರ್, ಅದೂ ಮಾರಾಟಕ್ಕಲ್ಲದಿದ್ದರೆ. ಗಾಜಿನ ಪಾತ್ರೆಯಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರುವಂತಿಲ್ಲ. (ಪ್ಲಾಸ್ಟಿಕ್ ಬಾಟಲಿಯ ಹೆಸರು ಕಾಯ್ದೆಯ ಈ ಕಲಮಿನಲ್ಲಿ ಇಲ್ಲವೇ ಇಲ್ಲ.) ವಾಹನದ ಅಥವಾ ಸ್ಥಿರ ಎಂಜಿನ್‌ನ ಮಾಲೀಕನಿಗೆ ಟ್ಯಾಂಕಿನಲ್ಲಿರುವುದರ ಜೊತೆಗೆ 90 ಲೀಟರ್, ಅಂದರೆ ಮೂರು ಪಟ್ಟು, ಅವಕಾಶವಿದೆ. 30 ದಾಟಿದರೆ ಜನ ವಾಸಿಸುವ ಅಥವಾ ಕೆಲಸ ಮಾಡುವ ಕೋಣೆಗೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಗದಲ್ಲಿ ಇಡಬೇಕು.

ಡೀಸೆಲ್‌ಗೆ ಮಿತಿ 2,500 ಲೀಟರ್. ಯಾವ ಟ್ಯಾಂಕೂ 1,000 ಲೀಟರ್ ಮೀರಬಾರದು. ಜನರೇಟರ್ ಪೇಟೆಯಲ್ಲಿ 990 ಲೀಟರ್ ಟ್ಯಾಂಕ್ ಚಾಲ್ತಿಯಲ್ಲಿರುವುದು ಇದೇ ಕಾರಣಕ್ಕೆ. 500 ಕೆವಿಎ ಜನರೇಟರ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 100 ಲೀಟರ್ ಸುಡುತ್ತದೆ. ಹಾಗಾಗಿ ಪರವಾನಗಿರಹಿತ ದಾಸ್ತಾನು ಸುಮಾರು 25 ಗಂಟೆಗೆ ಸಾಕು.

ಅಡುಗೆ ಅನಿಲಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯ. ಮಿತಿ 100 ಕಿಲೋ. 14.2 ಕಿಲೋದ ಗೃಹಬಳಕೆ ಸಿಲಿಂಡರ್ ಏಳಾದರೆ 99.4 ಕಿಲೋ, ಎಂಟಾದರೆ 113.6. ಹೋಟೆಲುಗಳ 19 ಕಿಲೋದ್ದು ಐದಾದರೆ 95, ಆರಾದರೆ 114. ಆರನೆಯ ಸಿಲಿಂಡರ್ ಬಂದೊಡನೆ ಪರವಾನಗಿ ಬೇಕು.

ತೊಡಕು ಇಲ್ಲೇ ಇದೆ. ಮಿತಿಯನ್ನು ಎಣಿಸುವುದು ಇಟ್ಟುಕೊಂಡವನ ಲೆಕ್ಕದಲ್ಲಿ, ಕಟ್ಟಡದ ಲೆಕ್ಕದಲ್ಲಿ ಅಲ್ಲ. ಒಂದೇ ಸಂಕೀರ್ಣದಲ್ಲಿ ಬೇರೆ ಬೇರೆ ಮಾಲೀಕರ ಐದು ಉಪಾಹಾರ ಮಂದಿರಗಳು ತಲಾ 95 ಕಿಲೋ ಇಟ್ಟರೆ ಒಟ್ಟು 475 ಕಿಲೋ: ಮಿತಿಯ 4.75 ಪಟ್ಟು. ಆದರೂ ಈ ನಿಯಮದಡಿ ಯಾರೊಬ್ಬರಿಗೂ ಪರವಾನಗಿ ಬೇಕಿಲ್ಲ. 19 ಕಿಲೋದ ಒಂದು ಸಿಲಿಂಡರ್ ಪೂರ್ತಿ ಸೋರಿದರೆ ಸುಮಾರು 8 ಘನ ಮೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಅನಿಲದ ಪ್ರಮಾಣ ಶೇ 1.8 ಮುಟ್ಟಿದರೆ ಹೊತ್ತಿಕೊಳ್ಳಲು ಸಾಕು. ಆ ಪ್ರಮಾಣದಲ್ಲಿ ಬೆರೆತರೆ 15 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಹಾಲ್ ತುಂಬುತ್ತದೆ.

ದಂಡದ ಮೊತ್ತವನ್ನು ಇಂಧನದ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ಪೆಟ್ರೋಲಿಯಂ ಕಾಯ್ದೆಯ 23ನೇ ಕಲಂ ಮೊದಲ ತಪ್ಪಿಗೆ ಗರಿಷ್ಠ ಒಂದು ತಿಂಗಳ ಸಾದಾ ಸಜೆ, ಇಲ್ಲವೇ 1,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. 2024ರ ಜೂನ್‌ನಲ್ಲಿ ಬೆಂಗಳೂರಿನ ಪೆಟ್ರೋಲ್ ದರ ಲೀಟರಿಗೆ 102.84 ರೂ.; ಆ ದಂಡದ ಹಣಕ್ಕೆ 10 ಲೀಟರ್ ಕೂಡ ಬರದು. 2025ರ ಏಪ್ರಿಲ್‌ನ ದರ 91.02 ರೂ.ನಂತೆ 2,500 ಲೀಟರ್ ಡೀಸೆಲ್‌ಗೆ 2,27,550 ರೂ.; ದಂಡ ಅದರ ಶೇ 0.44. ಮರುತಪ್ಪಿಗೆ ಸಜೆ ಮೂರು ತಿಂಗಳು, ದಂಡ 5,000 ರೂ. ಆ ಏಪ್ರಿಲ್‌ನಲ್ಲಿ ರಾಜ್ಯವು ಡೀಸೆಲ್ ಮಾರಾಟ ತೆರಿಗೆ ಏರಿಸಿದ್ದರಿಂದ ಲೀಟರಿಗೆ ಸುಮಾರು 2 ರೂ. ಹೆಚ್ಚಿತು, 2,500 ಲೀಟರಿಗೆ ಆ ಏರಿಕೆಯೊಂದೇ ಸುಮಾರು 5,000 ರೂ.